ಮನೆಯಲ್ಲೇ ಇಟ್ಟಿಗೆ ಗೋಡೆ: ಬಾಡಿಗೆದಾರರಿಗೊಂದು ಕೈಪಿಡಿ

ಕೆಲಸ ಶುರು ಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಅರ್ಧ ಓದಿದವರ ಗೋಡೆ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತ ನಕಲಿ ಇಟ್ಟಿಗೆ ಗೋಡೆಗೂ ದುಡ್ಡಿಲ್ಲದೆ ಅರ್ಧಕ್ಕೆ ನಿಂತ ಅಸಲಿ ಗೋಡೆಗೂ ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಮೊದಲು ನೆಂಟರ ವಿಲೇವಾರಿ

ಉಳಿದ ಕೈಪಿಡಿಗಳು ಸಾಮಾನಿನ ಪಟ್ಟಿಯಿಂದ ಶುರುವಾಗುತ್ತವೆ. ನಾವು ನೆಂಟರಿಂದ ಶುರು ಮಾಡುವುದಕ್ಕೆ ಕಾರಣವಿದೆ. ಸಾಮಾನು ತರಿಸಿದರೆ ಬರುತ್ತದೆ; ನೆಂಟರು ತರಿಸದೆ ಬರುತ್ತಾರೆ.

ನಮ್ಮ ಕಡೆ ಗಾರೆ ಕಾಣದ ಗೋಡೆಗೆ ಇರುವುದು ಒಂದೇ ಅರ್ಥ: ಸೊಸೈಟಿ ಸಾಲದ ದುಡ್ಡು ಮುಗಿದಿದೆ, ಮೇಸ್ತ್ರಿ ಬೇರೆ ಕೆಲಸ ಹಿಡಿದಿದ್ದಾನೆ, ಮಗಳ ಮದುವೆಯೊಂದು ಆಗಿಹೋಗಲಿ ಆಮೇಲೆ ನೋಡೋಣ ಅಂತ ಮನೆಯವರು ಗೃಹಪ್ರವೇಶ ಮುಗಿಸಿಬಿಟ್ಟಿದ್ದಾರೆ. ಆ 'ಆಮೇಲೆ' ಬರುವಷ್ಟರಲ್ಲಿ ಮದುವೆಯಾದ ಮಗಳ ಮಕ್ಕಳು ಗೋಡೆಯ ಸಂದಿನಿಂದ ಮರಳು ಕೆರೆದು ಆಟ ಆಡುತ್ತಿರುತ್ತಾರೆ. ಇಂಥ ಗೋಡೆಗಳ ನಡುವೆ ಬಾಳಿದ ನಿಮ್ಮ ದೊಡ್ಡಪ್ಪ ತುಮಕೂರಿನಿಂದ ಬಂದು, ಸೋಫಾದ ಹಿಂದಿನ ಗೋಡೆ ನೋಡಿ, ಕಾಫಿ ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಕೇಳುತ್ತಾರೆ:

"ಯಾಕಪ್ಪಾ, ಪ್ಲಾಸ್ಟ್ರಿಂಗು ಹಂಗೇ ಉಳ್ಕೊಂಡ್ತಾ? ಕೈ ಬಿಗಿ ಇದ್ರೆ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಇದಕ್ಕೆ "ಇದು ಎಕ್ಸ್‌ಪೋಸ್ಡ್ ಬ್ರಿಕ್ ಲುಕ್ ದೊಡ್ಡಪ್ಪಾ, ಬೇಕಂತಲೇ ಮಾಡಿದ್ದು" ಎಂದು ಉತ್ತರಿಸಬೇಡಿ. ಅವರಿಗೆ ನಿಮ್ಮ ಸಾಲದ ಜೊತೆಗೆ ನಿಮ್ಮ ಬುದ್ಧಿಯ ಚಿಂತೆಯೂ ಹತ್ತಿಕೊಳ್ಳುತ್ತದೆ. "ಓನರ್ ಹಾಗೇ ಬಿಟ್ಟಿದ್ದಾರೆ" ಅನ್ನಿ. ಬೆಂಗಳೂರಿನ ಓನರುಗಳ ಬಗ್ಗೆ ಏನು ಹೇಳಿದರೂ ಊರಿನಲ್ಲಿ ನಂಬುತ್ತಾರೆ.

ದೊಡ್ಡವರ ಹೆಸರು ಹೇಳಿ ಗೆಲ್ಲುವ ಆಸೆಯಾದರೆ ಸ್ವಲ್ಪ ತಡೆಯಿರಿ. ತಿರುವನಂತಪುರದಲ್ಲಿ ನೆಲೆಸಿದ ಲಾರಿ ಬೇಕರ್ ಗಾರೆ ಬಳಿಯದ ಇಟ್ಟಿಗೆ ಕಟ್ಟಡಗಳಿಂದಲೇ ಹೆಸರಾದವರು ನಿಜ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಗೋಡೆಯ ನಡುವೆ ಟೊಳ್ಳು ಬಿಡುವ 'ರ್‍ಯಾಟ್ ಟ್ರ್ಯಾಪ್' ಪದ್ಧತಿಯನ್ನು ನಮ್ಮಲ್ಲಿ ಹಬ್ಬಿಸಿದವರೂ ಅವರೇ. ಅದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಆದರೆ ಅವರು ಗಾರೆ ಕೈಬಿಟ್ಟದ್ದು ಮನೆ ಕಟ್ಟಿಸುವವನ ದುಡ್ಡು ಉಳಿಯಲಿ ಅಂತ. ನಾವು ಗಾರೆ, ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣ ಎಲ್ಲದಕ್ಕೂ ದುಡ್ಡು ಸುರಿದಾದ ಮೇಲೆ ಅದರ ಮೇಲೆ ಇಟ್ಟಿಗೆ ತರುತ್ತಿದ್ದೇವೆ. ಬೇಕರ್ ಎದುರಿಗೆ ಬಂದಿದ್ದರೆ ದೊಡ್ಡಪ್ಪನ ಪಕ್ಕದಲ್ಲೇ ಕೂರುತ್ತಿದ್ದರು.

ಇಟ್ಟಿಗೆ ಯಾವುದರದ್ದು?

ಮಣ್ಣಿನದ್ದಲ್ಲ ಎಂಬುದೊಂದು ಖಚಿತ. ಉಳಿದದ್ದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಧೈರ್ಯ ಕಡಿಮೆಯಿದ್ದವರು ಥರ್ಮಾಕೋಲ್ ಹಾಳೆ ಕತ್ತರಿಸುತ್ತಾರೆ. ಅಸಲಿ ಇಟ್ಟಿಗೆ ಮೂರು ಕಿಲೋ ತೂಗಿದರೆ, ಅದೇ ಮುಖದ ಒಂದು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಇಟ್ಟಿಗೆ ಮೂರು ಗ್ರಾಂ ತೂಗುವುದೂ ಕಷ್ಟ. ಫ್ಯಾನು ಐದಕ್ಕಿಟ್ಟರೆ ಜೋಡಿಸಿಟ್ಟ ಗೋಡೆ ಅಡುಗೆಮನೆಗೆ ಹೋಗುತ್ತದೆ. ರಬ್ಬರ್ ಗೋಂದು ಹಚ್ಚಿದರೆ, ಡಬ್ಬಿಯ ಸ್ಪ್ರೇ ಬಣ್ಣ ಹೊಡೆದರೆ ಅದರೊಳಗಿನ ದ್ರಾವಕಕ್ಕೆ ಥರ್ಮಾಕೋಲ್ ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ. ದೇವರ ಮನೆಯ ಗೋಡೆಗಂತೂ ಬೇಡವೇ ಬೇಡ. ಇಟ್ಟಿಗೆ ಗೋಡೆಗೆ ದೀಪ ತಾಗಿ ಬೆಂಕಿ ಬಿತ್ತು ಎಂದು ಅಗ್ನಿಶಾಮಕದವರಿಗೆ ವಿವರಿಸುವ ಸಂದರ್ಭ ತಂದುಕೊಳ್ಳಬೇಡಿ.

ಎರಡನೆಯದು ಟೇಪಿನ ವಿಧಾನ. ಮಾಸ್ಕಿಂಗ್ ಟೇಪನ್ನು ಸಣ್ಣಗೆ ಸೀಳಿ ಗೋಡೆಯ ಮೇಲೆ ಸಂದುಗಳ ಗೆರೆಯಂತೆ ಅಂಟಿಸಿ, ಅದರ ಮೇಲೆ ಬಣ್ಣ ಬೆರೆಸಿದ ಬಿಳಿ ಸಿಮೆಂಟನ್ನು ಕರಣೆಯಿಂದ ತೆಳುವಾಗಿ ಬಳಿದು, ಹಸಿಯಿರುವಾಗಲೇ ಟೇಪು ಕೀಳುವುದು. ಕಿತ್ತ ಕಡೆ ಸಂದು, ಉಳಿದ ಕಡೆ ಇಟ್ಟಿಗೆ. ಚೆನ್ನಾಗಿ ಬರುತ್ತದೆ. ಆದರೆ ಟೇಪು ಕೀಳುವ ಹೊತ್ತಿಗೇ ಫೋನು ಬರುತ್ತದೆ, ಮಾತು ಮುಗಿಸಿ ಬರುವಷ್ಟರಲ್ಲಿ ಟೇಪೂ ಗೋಡೆಯ ಶಾಶ್ವತ ಅಂಗವಾಗಿರುತ್ತದೆ.

ಈ ಕೈಪಿಡಿ ಶಿಫಾರಸು ಮಾಡುವುದು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಒಂದೊಂದೇ ಇಟ್ಟಿಗೆ ಎರಕ ಹೊಯ್ಯುವ ವಿಧಾನವನ್ನು. ಇದರಲ್ಲಿ ಶ್ರಮ ಹೆಚ್ಚು, ಆದ್ದರಿಂದ ಬಂದವರಿಗೆ ಹೇಳಿಕೊಳ್ಳಲು ಮಾತೂ ಹೆಚ್ಚು.

ಲೆಕ್ಕ ಹೀಗೆ. ಪ್ರಮಾಣಿತ ಅಳತೆಯ ಇಟ್ಟಿಗೆಯ ಮುಖ 190 ಮಿಲಿಮೀಟರ್ ಉದ್ದ, 90 ಎತ್ತರ. ಸುತ್ತ 10 ಮಿಲಿಮೀಟರ್ ಸಂದು ಸೇರಿಸಿದರೆ 200 ಇಂಟು 100. ಚದರ ಮೀಟರಿಗೆ 50. ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಗೋಡೆಗೆ ಸುಮಾರು 420. ಒಡೆಯುವುದಕ್ಕೆ ನಲವತ್ತು ಹೆಚ್ಚಿಗೆ ಮಾಡಿಕೊಳ್ಳಿ. ಒಂದು ಸೆಂಟಿಮೀಟರ್ ದಪ್ಪ ಹೊಯ್ದರೆ ಒಂದೊಂದೂ ಹತ್ತಿರ ಹತ್ತಿರ 200 ಗ್ರಾಂ, ಒಟ್ಟು ಎಂಬತ್ತು ಕಿಲೋ ದಾಟುತ್ತದೆ. ಅಂದರೆ ದೊಡ್ಡಪ್ಪನನ್ನೇ ಗೋಡೆಗೆ ಅಂಟಿಸಿದಷ್ಟು ಭಾರ. ಗೋಂದು ಕೊಳ್ಳುವಾಗ ಇದು ನೆನಪಿರಲಿ.

ಎರಕ

ನೀರಿಗೆ ಪುಡಿ ಹಾಕಿ. ಪುಡಿಗೆ ನೀರು ಹಾಕಿದರೆ ಗಂಟಾಗುತ್ತದೆ. ಎರಡು ಲೋಟ ಪುಡಿಗೆ ಒಂದು ಲೋಟ ನೀರು. ಈ ಲೋಟ ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ, ಆದ್ದರಿಂದ ಅತ್ತೆಯವರ ತವರಿನಿಂದ ಬಂದದ್ದನ್ನು ಬಳಸಬೇಡಿ. ಕಲಸಿದ ಹತ್ತು ನಿಮಿಷದಲ್ಲಿ ಅದು ಬಿಗಿಯತೊಡಗಿ ಬಿಸಿಯಾಗುತ್ತದೆ. ಬೇಗ ಬಿಗಿಯಬೇಕಿದ್ದರೆ ಚಿಟಿಕೆ ಉಪ್ಪು, ನಿಧಾನವಾಗಬೇಕಿದ್ದರೆ ನಾಲ್ಕು ಹನಿ ನಿಂಬೆರಸ. ಅನುಭವಸ್ಥರು ನಿಂಬೆಹಣ್ಣನ್ನೇ ಹತ್ತಿರ ಇಟ್ಟುಕೊಳ್ಳುತ್ತಾರೆ.

ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನೊಳಗೂ ಗಟ್ಟಿಯಾಗುತ್ತದೆ. ಕೊಳವೆಯೊಳಗೆ ಸಿದ್ಧವಾದ ಇಟ್ಟಿಗೆಯನ್ನು ಹೊರತೆಗೆಯುವ ವಿಧಾನ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಅರ್ಧ ಗಂಟೆಗೆ ಗಟ್ಟಿಯಾಗುವ ಇಟ್ಟಿಗೆ ಒಳಗೆ ಒಣಗಲು ದಿನಗಟ್ಟಲೆ ಬೇಕು. ಅಷ್ಟು ದಿನ ಟೆರೇಸಿನ ಮೇಲೆ ಹಪ್ಪಳ ಸಂಡಿಗೆಯವರ ಜೊತೆ ಜಾಗಕ್ಕೆ ಜಗಳವಾಗುತ್ತದೆ. ಜಗಳ ಆಡಿ, ಆದರೆ ಹಸಿ ಇಟ್ಟಿಗೆಗೆ ಬಣ್ಣ ಹೊಡೆಯಬೇಡಿ, ಸುಲಿದು ಬರುತ್ತದೆ. ಜಿಪ್ಸಮ್ ನೀರಿಗೆ ಸೋಲುವ ಜಾತಿ. ಬಚ್ಚಲಿಗೆ, ಹೊರಗೋಡೆಗೆ, ಆಗುಂಬೆಗೆ ಸಲ್ಲ.

ಕೆಲಸಕ್ಕೆ ಬೇಕಾದ ತಪ್ಪುಗಳು

ಇಲ್ಲಿಯವರೆಗಿನದು ಯಾರು ಬೇಕಾದರೂ ಮಾಡಿಯಾರು. ವಿದ್ಯೆ ಇರುವುದು ಇಲ್ಲಿಂದ ಮುಂದೆ.

ಅಸಲಿ ಇಟ್ಟಿಗೆ ಒಂದರಂತೆ ಒಂದಿರುವುದಿಲ್ಲ. ಮಾಲೂರು ಕಡೆಯ ಯಾವುದಾದರೂ ಇಟ್ಟಿಗೆ ಗೂಡಿನ ಮುಂದೆ ನಿಂತು ನೋಡಿ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂದು ಕೆಂಪಾಗುತ್ತದೆ. ಬೆಂಕಿಯ ಪಕ್ಕದ್ದು ಅತಿಯಾಗಿ ಬೆಂದು ಕಪ್ಪುಗಟ್ಟಿ ಸೊಟ್ಟಗಾಗಿರುತ್ತದೆ, ಹೊರಸಾಲಿನದು ಅರೆಬೆಂದು ಪೇಲವವಾಗಿರುತ್ತದೆ. ಲಾರಿಗೆ ಎಸೆಯುವಾಗ ಮೂಲೆ ಹಾರಿರುತ್ತದೆ. ಗೋಡೆಗೆ ಹೋದಮೇಲೆ ಕೆಲವು ಉಪ್ಪು ಕಾರಿ ಬೆಳ್ಳಗೆ ಮುಖ ಮಾಡಿಕೊಳ್ಳುತ್ತವೆ. ಇಷ್ಟೆಲ್ಲ ದೋಷಗಳ ನಡುವೆ ತೂಗುಗುಂಡು ಬಿಟ್ಟು, ನೂಲು ಕಟ್ಟಿ, ರಸಮಟ್ಟ ಇಟ್ಟು ಒಂದು ವರಸೆಯನ್ನು ನೇರ ತರುವುದಕ್ಕೆ ಮೇಸ್ತ್ರಿ ಹರೆಯವನ್ನೆಲ್ಲ ಸವೆಸಿರುತ್ತಾನೆ.

ನಿಮ್ಮ ಪಾಡು ಇದಕ್ಕೆ ತಿರುಗಾಮುರುಗಾ. ಒಂದೇ ಅಚ್ಚಿನಿಂದ ಬಂದ ನಿಮ್ಮ ಇಟ್ಟಿಗೆಗಳು ಕವಾಯತಿನಲ್ಲಿ ನಿಂತಷ್ಟು ನೇರ. ಅವುಗಳನ್ನು ಕೆಡಿಸಬೇಕು. ಕೆಂಪು ಆಕ್ಸೈಡ್, ಹಳದಿ, ಮಸಿಕಪ್ಪು, ಮೂರನ್ನೂ ಬೇರೆಬೇರೆ ಪಾಕದಲ್ಲಿ ಬೆರೆಸಿ ನಾಲ್ಕು ಬಣ್ಣ ಮಾಡಿಕೊಳ್ಳಿ. ಕೆಲವಕ್ಕೆ ಅಂಚು ಮುರಿಯಿರಿ, ಕೆಲವಕ್ಕೆ ಉಪ್ಪುಕಾಗದದಿಂದ ಮೂಲೆ ಉಜ್ಜಿ, ಒಂದೆರಡಕ್ಕೆ ಒಣ ಬ್ರಶ್ಶಿನಿಂದ ಬಿಳಿ ಸವರಿ ಉಪ್ಪು ಬರಿಸಿ. ಕೇಳುವುದಕ್ಕೆ ಸುಲಭ. ಜೀವಮಾನದಲ್ಲಿ ಒಂದು ಗೆರೆ ನೆಟ್ಟಗೆ ಎಳೆಯದ ಮನುಷ್ಯನಿಗೆ ಬೇಕೆಂದು ತಪ್ಪು ಮಾಡಿ ಎಂದ ಕೂಡಲೇ ಎಲ್ಲಿಲ್ಲದ ಶಿಸ್ತು ಬಂದುಬಿಡುತ್ತದೆ. ಪ್ರತಿ ಮೂರನೆಯ ಇಟ್ಟಿಗೆಯ ಬಲಮೂಲೆ ಮುರಿದಿರುತ್ತದೆ, ಪ್ರತಿ ಐದನೆಯದು ಕಪ್ಪಗಿರುತ್ತದೆ. ದೂರ ನಿಂತು ನೋಡಿದರೆ ಗೋಡೆಯಲ್ಲ, ಸೀರೆಯ ಅಂಚು. ಪರಿಹಾರ: ಇಟ್ಟಿಗೆಗಳನ್ನು ಮನೆಯಲ್ಲಿರುವ ನಾಲ್ಕು ವರ್ಷದ ಮಗುವಿನ ವಶಕ್ಕೆ ಒಪ್ಪಿಸಿ, ಬೇರೆ ಕೋಣೆಗೆ ಹೋಗಿ ಬನ್ನಿ. ಮನೆಯಲ್ಲಿ ಮಗುವಿಲ್ಲದವರು ಸಾಗಣೆ ಗಾಡಿಯವರಿಗೆ 'ಒಡೆಯುವ ವಸ್ತು, ಜೋಪಾನ' ಎಂದು ಬರೆದ ಡಬ್ಬದಲ್ಲಿ ಕೊಟ್ಟು ಕಳಿಸಿ ತರಿಸಿಕೊಳ್ಳಬಹುದು.

ಗೋಡೆಯಾದ ಮೇಲೆ ಯಾವುದೋ ಸೋರಿಕೆ ನೋಡಲು ಬಂದ ಮೇಸ್ತ್ರಿ ಅದರ ಮುಂದೆ ನಿಂತು, ತಲೆ ಓರೆ ಮಾಡಿ, "ಇದ್ಯಾರು ಸಾರ್ ಕಟ್ಟಿದ್ದು? ಕೂಲಿ ಕೊಟ್ಬಿಟ್ರಾ?" ಎಂದು ಕೇಳಿದರೆ ನೀವು ಪಾಸಾದಿರಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಈ ಕಸುಬಿನಲ್ಲಿ ಇಲ್ಲ.

ಅಂಟಿಸುವುದು

ಹಳೆ ಡಿಸ್ಟೆಂಪರ್ ಇದ್ದರೆ ಕೆರೆದು ತೆಗೆಯಿರಿ. ಗೋಂದು ಡಿಸ್ಟೆಂಪರನ್ನು ಬಿಡುವುದಿಲ್ಲ, ಡಿಸ್ಟೆಂಪರ್ ಗೋಡೆಯನ್ನು ಬಿಡುತ್ತದೆ. ಜಿಪ್ಸಮ್ಮಿಗೂ ಸಿಮೆಂಟಿಗೂ ತೇವದಲ್ಲಿ ಹೊಂದಿಕೆಯಿಲ್ಲ. ಟೈಲ್ಸ್ ಗೋಂದು ಬಳಸುವವರು ಇಟ್ಟಿಗೆಯ ಬೆನ್ನಿಗೂ ಅಂಚಿಗೂ ಮೊದಲು ಪ್ರೈಮರ್ ಹಚ್ಚಿ. ಸ್ವಿಚ್‌ಬೋರ್ಡ್ ಸುತ್ತ ಕೆಲಸ ಮಾಡುವಾಗ ಮೇನ್ ಆಫ್ ಮಾಡಿ. ಇದು ತಮಾಷೆಯಲ್ಲ.

ವರಸೆಯ ವಿನ್ಯಾಸ ಯೋಚಿಸಿ ಆರಿಸಿಕೊಳ್ಳಿ. ಎಲ್ಲ ವರಸೆಯಲ್ಲೂ ಉದ್ದ ಇಟ್ಟಿಗೆಯೇ ಕಂಡರೆ ಅದು ನಾಲ್ಕೂವರೆ ಇಂಚಿನ ಗೋಡೆ ಎಂದು ತಿಳಿದವರು ಹೇಳುತ್ತಾರೆ. ಒಂದು ವರಸೆ ಉದ್ದ, ಒಂದು ವರಸೆ ಇಟ್ಟಿಗೆಯ ತಲೆ ಮಾತ್ರ ಕಾಣುವಂತೆ ಜೋಡಿಸಿದರೆ ಇಂಗ್ಲಿಷ್ ಬಾಂಡ್, ಒಂಬತ್ತಿಂಚಿನ ಗೋಡೆ. ಒಂದು ಸೆಂಟಿಮೀಟರಿನ ಗೋಡೆಯನ್ನು ಒಂಬತ್ತಿಂಚು ಮಾಡಲು ತಗಲುವ ಹೆಚ್ಚುವರಿ ಖರ್ಚು ಅಚ್ಚೊಂದೇ. ಸುಳ್ಳು ಹೇಳಲು ಹೊರಟ ಮೇಲೆ ನಾಲ್ಕೂವರೆ ಇಂಚಿಗೆ ನಿಲ್ಲುವುದು ಯಾಕೆ?

ಸಿಕ್ಕಿಬೀಳುವುದು ಎರಡು ಕಡೆ. ಗೋಡೆಯ ಮೂಲೆಯಲ್ಲಿ ಬಿಸ್ಕತ್ತಿನಷ್ಟು ದಪ್ಪ ಬಯಲಾಗುತ್ತದೆ, ಆದ್ದರಿಂದ ಅಲ್ಲಿಗೆ 'ಎಲ್' ಆಕಾರದ ಇಟ್ಟಿಗೆ ಬೇರೆಯಾಗಿ ಹೊಯ್ಯಬೇಕು, ಇಲ್ಲವೇ ಎತ್ತರದ ಮನಿಪ್ಲಾಂಟ್ ತಂದಿಡಬೇಕು. ಇನ್ನೊಂದು ಕಿಟಕಿಯ ನೆತ್ತಿ. ಅಲ್ಲಿ ಅಸಲಿ ಇಟ್ಟಿಗೆ ತಾನಾಗಿ ನಿಲ್ಲುವುದಿಲ್ಲ. ಕೆಳಗೆ ಲಿಂಟೆಲ್ ಬೇಕು, ಇಲ್ಲವೇ ಕಮಾನು ಕಟ್ಟಬೇಕು. ಅಹಮದಾಬಾದಿನ ಐಐಎಂ ಕಟ್ಟಿದ ಲೂಯಿ ಕಾನ್, ನಿನಗೇನು ಬೇಕೆಂದು ಇಟ್ಟಿಗೆಯನ್ನೇ ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರಂತೆ. ಇಟ್ಟಿಗೆ ಕಮಾನು ಬೇಕು ಅನ್ನುತ್ತಿತ್ತಂತೆ. ನಿಮ್ಮದನ್ನು ಕೇಳಿದರೆ ಗೋಂದು ಅನ್ನುತ್ತದೆ. ಆದರೂ ಕಿಟಕಿಯ ಮೇಲೊಂದು ಸಾಲು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಂಟಿಸಿ. ಭಾರ ಹೊರುವ ನಾಟಕ ಯಾರಾದರೂ ಆಡಬೇಕು.

ಸಂದು ತುಂಬಲು ಬಿಳಿ ಸಿಮೆಂಟು, ಜರಡಿ ಹಿಡಿದ ಮರಳು, ಮೂಲೆ ಕತ್ತರಿಸಿದ ಹಾಲಿನ ಕವರು ಸಾಕು.

ನಾಚಿಕೆಯಾದರೆ ಓದಬೇಕಾದ ಪುಟ

ನೀವು ಮೊದಲನೆಯವರಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಮರದ ಚೌಕಟ್ಟಿನ ಮನೆಗಳಿಗೆ ಇಟ್ಟಿಗೆಯಂತೆ ಕಾಣುವ ಹೆಂಚು ಹೊಡೆದು ಇಟ್ಟಿಗೆ ಮನೆ ಎನ್ನಿಸಿಕೊಳ್ಳುತ್ತಿದ್ದರು. ಅವಕ್ಕೆ 'ಮ್ಯಾಥಮೆಟಿಕಲ್ ಟೈಲ್' ಎಂಬ ಘನವಾದ ಹೆಸರು. ಬ್ರೈಟನ್ನಿನ ರಾಯಲ್ ಕ್ರೆಸೆಂಟ್ ಸಾಲುಮನೆಗಳ ಕಪ್ಪು ಮುಖ ಅಂಥದ್ದೇ. ಒರಟು ಇಟ್ಟಿಗೆಯ ಅಗಲ ಸಂದನ್ನು ಇಟ್ಟಿಗೆಯದೇ ಬಣ್ಣದ ಗಾರೆಯಿಂದ ಮುಚ್ಚಿ, ಅದರ ಮೇಲೆ ತೆಳ್ಳನೆಯ ಬಿಳಿ ಸುಣ್ಣದ ಗೆರೆ ಎಳೆದು ನಯಗೆಲಸವೆಂದು ತೋರಿಸುವ ಮೇಸ್ತ್ರಿಗಳೂ ಅಲ್ಲಿದ್ದರು. ಅಮೆರಿಕದ ಬಾಲ್ಟಿಮೋರ್ ಊರಿನದು ಇನ್ನೂ ಸೊಗಸು: ಅಲ್ಲಿ ಮನೆಗಳು ಅಸಲಿ ಇಟ್ಟಿಗೆಯವು. 1937ರಲ್ಲಿ 'ಫಾರ್ಮ್‌ಸ್ಟೋನ್' ಎಂಬ ಸಿಮೆಂಟಿನ ನಕಲಿ ಕಲ್ಲಿಗೆ ಪೇಟೆಂಟ್ ಆಯಿತು. ಬೀದಿಬೀದಿಗಳ ಜನ ಇಟ್ಟಿಗೆಯನ್ನು ಅದರಿಂದ ಮುಚ್ಚಿಸಿದರು. ಆಮೇಲೆ ಬಂದವರಲ್ಲಿ ಎಷ್ಟೋ ಮಂದಿ ದುಡ್ಡು ಕೊಟ್ಟು ಕೀಳಿಸಿದರು.

ತೆಗೆಯುವುದು

ಮನೆ ಖಾಲಿ ಮಾಡುವಾಗ ಓನರ್ ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಹಿಡಿಯುತ್ತಾರೆ. ಇಟ್ಟಿಗೆಗೆ ಎಷ್ಟು ಹಿಡಿಯಬೇಕೆಂಬುದು ಕರಾರಿನಲ್ಲಿ ಇರುವುದಿಲ್ಲವಾದ್ದರಿಂದ ಅವರಿಗೆ ಹೊಳೆದಷ್ಟು ಹಿಡಿಯುತ್ತಾರೆ. ಅದಕ್ಕೇ ಮೊದಲೇ ಕೀಳಿ. ಅಗಲ ಉಳಿಯನ್ನು ಇಟ್ಟಿಗೆಯ ಹಿಂದೆ ತೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಿರಿ.

ಚೆನ್ನಾಗಿ ಅಂಟಿಸಿದವರಿಗೆ ಇಲ್ಲೊಂದು ತೊಂದರೆ. ಇಟ್ಟಿಗೆಯ ಜೊತೆ ಬಣ್ಣ ಬರುತ್ತದೆ, ಬಣ್ಣದ ಜೊತೆ ಪುಟ್ಟಿ, ಪುಟ್ಟಿಯ ಜೊತೆ ಅಂಗೈಯಗಲದ ಗಾರೆ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಯಾದರೆ ಆ ತೂತಿನಲ್ಲಿ ಒಂದು ಇಟ್ಟಿಗೆ ಕಾಣುತ್ತದೆ. ಬಣ್ಣ ನೀವು ಬೆರೆಸಿದ ನಾಲ್ಕರಲ್ಲಿ ಯಾವುದಕ್ಕೂ ಹೋಲುವುದಿಲ್ಲ. ಮೂಲೆ ಸರಿಯಾದ ಕಡೆ ಮುರಿದಿಲ್ಲ, ಸಂದು ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಗಾಬರಿಯಾಗದೆ ಅಂಗಡಿಗೆ ಹೋಗಿ ಸಿಮೆಂಟು, ಮರಳು, ಒಂದು ಸಣ್ಣ ಮೂಟೆ ಪುಟ್ಟಿ ತಂದು, ನೀರು ಚಿಮುಕಿಸಿ ಅದನ್ನು ಮುಚ್ಚಿ. ಗಾರೆ ಬಿಗಿದ ಮೇಲೆ ಪುಟ್ಟಿ, ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದ, ಆಮೇಲೆ ಪ್ರೈಮರ್. ಅಡ್ವಾನ್ಸಿನ ಮಾತು ಎತ್ತುವುದು ಅದೂ ಒಣಗಿದ ಮೇಲೆ.