ನೀರು ಸಿಕ್ತಾ ಸಾರ್?

ಬೆಂಗಳೂರಿನ ಕಂಪನಿಗಳಲ್ಲಿ ಈಗ ಯಾರೂ ಮಾತಾಡುವುದಿಲ್ಲ, ಎಲ್ಲರೂ ‘ಕಥೆ ಹೇಳುತ್ತಾರೆ’. ಸಂಬಳ ಏರಿಸದಿರುವುದಕ್ಕೊಂದು ಕಥೆ, ಕೆಲಸದಿಂದ ತೆಗೆಯುವುದಕ್ಕೆ ಇನ್ನೊಂದು. ಹೇಳಲು ಬಾರದವರ ಕೈಗೆ ಪುಸ್ತಕಗಳ ಪಟ್ಟಿ ಕೊಡುತ್ತಾರೆ. ಪಟ್ಟಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: 1936ರ ಡೇಲ್ ಕಾರ್ನೆಗಿ, 1984ರ ರಾಬರ್ಟ್ ಚಿಯಾಲ್ಡಿನಿ, ಮೇಲೊಬ್ಬ ಅರಿಸ್ಟಾಟಲ್. ಅರಿಸ್ಟಾಟಲನನ್ನು ಪಟ್ಟಿ ಮಾಡಿದವರೂ ಓದಿರುವುದಿಲ್ಲ. ಆದರೆ ಲಗ್ನಪತ್ರಿಕೆಯಲ್ಲಿ ಮನೆದೇವರ ಹೆಸರು ಬಿಟ್ಟರೆ ಆದೀತೆ?

ಓದಿಸಿ ಆದ ಮೇಲೆ ಬಸ್ಸು ಹತ್ತಿಸಿ ಶಿವಗಂಗೆಗೆ ಕರೆತರುವುದುಂಟು. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆವರೆಗೆ ಬಂದು ಎಡಕ್ಕೆ ತಿರುಗಿದರಾಯಿತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಜನರನ್ನು ಒಪ್ಪಿಸಲು ಚಿಯಾಲ್ಡಿನಿ ಹೇಳಿದ ಆರು ತತ್ವಗಳನ್ನು ತರಬೇತುದಾರರು ಮೆಟ್ಟಿಲ ಬುಡದಲ್ಲೇ ಶುರುಮಾಡುತ್ತಾರೆ. ಆರರಲ್ಲೊಂದು ಕೊರತೆ: ಸಿಗುವುದಿಲ್ಲ ಅಂದರೆ ಜನ ಮುಗಿಬೀಳುತ್ತಾರೆ. ಇದಕ್ಕೊಂದು ಚೆಂದದ ಸ್ಲೈಡಿತ್ತು, ಬೆಟ್ಟದಲ್ಲಿ ಪ್ಲಗ್ ಪಾಯಿಂಟ್ ಇಲ್ಲವಲ್ಲ ಎಂದು ಅವರು ಪೇಚಾಡುವಷ್ಟರಲ್ಲಿ ಮಜ್ಜಿಗೆಯ ಅಜ್ಜಿ, “ಮುಂದಕ್ಕೆ ಏನೂ ಸಿಗಲ್ಲ ಕಣಪ್ಪ, ಇಲ್ಲೇ ಕುಡ್ಕೊಂಡು ಹೋಗಿ” ಅಂದಿರುತ್ತಾಳೆ. ಇಡೀ ತಂಡ ಕುಡಿಯುತ್ತದೆ. ಸ್ವಲ್ಪ ಮೇಲೆ ಹೋದರೆ ಅವಳ ಸೊಸೆ ಸೌತೆಕಾಯಿ ಸೀಳಿ ಉಪ್ಪು ಖಾರ ಸವರುತ್ತಾ ಕೂತಿದ್ದಾಳೆ. ಅಲ್ಲೂ ಅದೇ ವಾಕ್ಯ. ಅಜ್ಜಿಗಾಗಲಿ ಸೊಸೆಗಾಗಲಿ ತತ್ವದ ಹೆಸರು ಗೊತ್ತಿಲ್ಲ, ಚಿಲ್ಲರೆ ಎಣಿಸುವುದು ಗೊತ್ತು.

ಪಟ್ಟಿ ಕೊಟ್ಟವರು ಹೇಳದ ಒಂದು ಸಂಗತಿಯಿದೆ. ಅರಿಜೋನಾದ ಪ್ರೊಫೆಸರ್ ಚಿಯಾಲ್ಡಿನಿ ತಾವು ಯಾರೆಂದು ಹೇಳಿಕೊಳ್ಳದೆ ಹಳೇ ಕಾರು ಮಾರುವವರು, ಫೋನಿನಲ್ಲಿ ಗಿರಾಕಿ ಹಿಡಿಯುವವರು, ಚಂದಾ ಎತ್ತುವವರ ನಡುವೆ ಸುಮಾರು ಮೂರು ವರ್ಷ ಸುತ್ತಿ ಈ ವಿದ್ಯೆ ಕಲಿತರು. ಅವರು ಬೀದಿಯಲ್ಲಿ ಕಲಿತದ್ದನ್ನು ನಮ್ಮವರು ಎಸಿ ರೂಮಿನಲ್ಲಿ ಓದಿ, ಅದನ್ನು ವಿವರಿಸಲು ಮತ್ತೆ ಬೀದಿಗೇ ಬರುತ್ತಾರೆ. ಬಂದವರು ಅಜ್ಜಿಯ ಮಾತು ಕೇಳುತ್ತಾರೆಯೆ? ಇಲ್ಲ. ಮಜ್ಜಿಗೆ ಕುಡಿದು, ಲೋಟ ಅಲ್ಲೇ ಎಸೆದು, ಎರಡನೇ ತತ್ವಕ್ಕೆ ಹೋಗುತ್ತಾರೆ.

ಮೇಲೆ ಒಳಕಲ್ಲು ತೀರ್ಥ. ಬಂಡೆಯೊಳಗಿನ ಕುಳಿಗೆ ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ಮಾತ್ರ ನೀರು ತಗಲುತ್ತದೆಂಬ ನಂಬಿಕೆ. ಹೊರಗೆ ಬಂದವರನ್ನು ಸಾಲಿನಲ್ಲಿರುವವರು ಕೇಳುವುದು ಒಂದೇ ಪ್ರಶ್ನೆ: “ನೀರು ಸಿಕ್ತಾ ಸಾರ್?” ಇಷ್ಟು ಹತ್ತಿ, ಇಷ್ಟು ಹೊತ್ತು ಕಾದು, ಹೆಂಡತಿ, ಮಕ್ಕಳು, ಅತ್ತೆಯ ಎದುರು “ಇಲ್ಲ” ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಟೀ ಶರ್ಟಿನ ಹುಡುಗನೊಬ್ಬ “ಸಿಕ್ತು, ಸಿಕ್ತು” ಅನ್ನುತ್ತಾ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಪ್ಯಾಂಟಿನ ಮೇಲೆ ಬಂಡೆಯ ಧೂಳು ಮೆತ್ತಿಕೊಂಡಿತೇ ಹೊರತು ಒದ್ದೆಯಾಗಲಿಲ್ಲ. ಸೋಮವಾರ ಕ್ಲೈಂಟಿನ ಮುಂದೆ ನಿಲ್ಲಲು ಅವನು ಆಗಲೇ ತಯಾರಾಗಿದ್ದ. ಇನ್ನು, ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂದು ಭಕ್ತರು ನಂಬುವ ಗಂಗಾಧರೇಶ್ವರನ ಊರಿನಲ್ಲಿ, ನಷ್ಟವನ್ನು ‘ಕಲಿಕೆ’ ಮಾಡಿ ತೋರಿಸುವ ಗ್ರಾಫಿಗೆ ಯಾರು ಬೆರಗಾಗಬೇಕು!

ತುದಿಯಲ್ಲಿ ಶಾಂತಲೆ ಹಾರಿದಳೆನ್ನುವ ಪ್ರಪಾತ. ವಿಷ್ಣುವರ್ಧನನ ಪಟ್ಟದರಸಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹಾರಿದ ಮಾತನ್ನು ಎತ್ತುವುದಿಲ್ಲ. ಶಾಸನದ ಬಳಿ ಇಸವಿಯಿದೆ, ಊರಿದೆ, ಕಲ್ಲಿನ ಸಾಕ್ಷಿಯಿದೆ, ಓದುಗರಿಲ್ಲ. ಪ್ರಪಾತದ ಬಳಿ ಸಾಕ್ಷಿಯಿಲ್ಲ, ಸೆಲ್ಫಿಗೆ ಸಾಲಿದೆ. ಯಾಕೆ ಹಾರಿದಳು ಎಂದರೆ ಮಕ್ಕಳಿಲ್ಲದ ಕೊರಗು ಅನ್ನುವವರುಂಟು, ಸವತಿಯ ಕಾಟ ಅನ್ನುವವರುಂಟು. ಕೇಳುವವರ ಮುಖ ನೋಡಿ ಕಾರಣ ಬದಲಾಗುತ್ತದೆ.

ಅವಳಿಗೂ ನೂರು ವರ್ಷ ಹಿಂದೆ, 1031ರ ಸುಮಾರಿಗೆ, ಚಾಲುಕ್ಯರ ಆಸ್ಥಾನದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದ. ಆತ ಸಂಧಿವಿಗ್ರಹಿ, ರಾಜರನ್ನು ಮಾತಿನಿಂದ ಕೂಡಿಸುವುದು, ಕೆಡಿಸುವುದು ಅವನ ದಿನನಿತ್ಯದ ನೌಕರಿ. ಅದೇಕೆ ಪಟ್ಟಿಯಲ್ಲಿಲ್ಲ ಎಂದು ಕೇಳಿದೆ. “ಅದು ಮಕ್ಕಳ ಪುಸ್ತಕ ಅಲ್ವಾ ಸಾರ್, ನರಿ ಗಿರಿ ಬರುತ್ತಲ್ಲ?” ಅಂದರು ತರಬೇತುದಾರರು. ಸಿಂಹಕ್ಕೂ ಎತ್ತಿಗೂ ನಡುವೆ ತಂದಿಟ್ಟು, ಎತ್ತನ್ನು ಕೊಲ್ಲಿಸಿ, ತಾನು ಮಂತ್ರಿಯಾದ ನರಿಯ ಬಗ್ಗೆ ಕಂಪನಿಯಲ್ಲಿ ಇಪ್ಪತ್ತು ವರ್ಷ ಸವೆಸಿದವರಿಗೆ ನಾನೇನು ಹೇಳಲಿ?

ಕೆಳಗಿಳಿದಾಗ ಟೀ ಅಂಗಡಿಯ ಮುಂದೆ ಸೈಟಿನ ಬ್ರೋಕರ್ ಕಾದಿದ್ದ. ಸ್ಯಾಟಲೈಟ್ ರಿಂಗ್ ರೋಡಿನಿಂದ ಶುರುಮಾಡಿ, ಕುಣಿಗಲ್ ರಸ್ತೆಯ ಕಡೆ ಎರಡನೇ ಏರ್‌ಪೋರ್ಟಿಗೆ ಜಾಗ ನೋಡಿರುವ ಸುದ್ದಿಗೆ ಬಂದು, ಏರ್‌ಪೋರ್ಟನ್ನು ಅಲ್ಲೇ ಉದ್ಘಾಟಿಸಿಬಿಟ್ಟ. ಆಮೇಲೆ ಬೆಟ್ಟದ ಕಡೆ ಕೈ ತೋರಿಸಿದ. “ಪೂರ್ವದಿಂದ ನೋಡಿದ್ರೆ ನಂದಿ ಸಾರ್, ಪಶ್ಚಿಮದಿಂದ ಗಣಪತಿ. ನಮ್ಮ ಕಾರ್ನರ್ ಸೈಟಿಂದ ಎರಡೂ ಕಾಣುತ್ತೆ, ಅದಕ್ಕೇ ರೇಟು ಸ್ವಲ್ಪ ಜಾಸ್ತಿ.”

“ಖಾತೆ ಆಗಿದೆಯಾ?” ತರಬೇತುದಾರರು ಕೇಳಿದರು, ಪರ್ಸು ಹೊರಗೆ ಬಂದಿತ್ತು.

“ಆಗ್ತಾ ಇದೆ ಸಾರ್, ಆದ್ಮೇಲೆ ಈ ರೇಟಿಗೆಲ್ಲಿ ಸಿಗುತ್ತೆ? ಹೋದ ಶನಿವಾರ ಬಂದ ಟ್ರೈನಿಂಗ್ ಸಾರ್ ಎರಡು ತಗೊಂಡ್ರು.”