ಕಾರ್ಡಿನ ಮನೆತನ

ಹಾರ್ಡ್ ಡಿಸ್ಕ್ ಕೂಡಿಹಾಕುವುದೂ ಒಂದು ಚಟ. ಮದುವೆ ವಿಡಿಯೋ, ನಾಮಕರಣದ ಫೋಟೋ, ಮನೆಯಲ್ಲಿ ಯಾರೂ ನೋಡದ ಹಳೆಯ ಸಿನಿಮಾ, ಒಂದನ್ನೂ ಅಳಿಸಲು ಕೈ ಬಾರದು. ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟುಗಳೂ ಭರ್ತಿಯಾದ ಮೇಲೆ ಬೆಂಗಳೂರಿನವರಿಗೆ ಇರುವುದು ಎಸ್.ಪಿ. ರಸ್ತೆಯೊಂದೇ.

ಅಲ್ಲಿ ಸಾಟಾ ಪೋರ್ಟ್ ಹೆಚ್ಚಿಸುವ ಕಾರ್ಡ್ ಕೇಳಿದರೆ "ಎಷ್ಟು ಪೋರ್ಟಿಂದು ಸಾರ್?" ಅನ್ನುತ್ತಾರೆ. "ಚಿಪ್ ಯಾವುದು?" ಎಂದರೆ ಡಬ್ಬಿಯನ್ನು ಎರಡು ಸಲ ತಿರುವಿ, "ಚಿಪ್ ಇದೆ ಸಾರ್" ಎಂಬ ಭರವಸೆ. ಹೆಣ್ಣು ಕೊಡುವವರು ಗಂಡಿನ ಕೋಟಿಗೆ ಮರುಳಾಗದೆ ಮನೆತನ ವಿಚಾರಿಸುವಂತೆ, ಇಲ್ಲಿ ಡಬ್ಬಿಯ ಬಣ್ಣ ಬಿಟ್ಟು ಚಿಪ್ ವಿಚಾರಿಸಬೇಕು. ಎಎಸ್‌ಎಂ1166 ಆದರೆ ಆರು ಡಿಸ್ಕ್, ಜೆಎಂಬಿ585 ಆದರೆ ಐದು. ಎರಡೂ ಪಿಸಿಐ ಎಕ್ಸ್‌ಪ್ರೆಸ್ 3.0ರ ಎರಡು ಲೇನ್ ಬಳಸುವಂಥವು; ಒಂದೊಂದು ಲೇನಿನಲ್ಲಿ ಸೆಕೆಂಡಿಗೆ 985 ಮೆಗಾಬೈಟ್‌ವರೆಗೆ ಸಾಗುತ್ತದೆ. ತಿರುಗುವ ಡಿಸ್ಕ್ ಮೈಮುರಿದು ದುಡಿದರೂ 250ರ ಆಸುಪಾಸು. ಲೆಕ್ಕ ಸರಿಹೋಯಿತು.

ಅಗ್ಗಕ್ಕೆ ಹತ್ತು, ಹದಿನಾರು ಪೋರ್ಟ್ ಕೊಡುವ ಕಾರ್ಡುಗಳ ಬಗ್ಗೆ ನನಗೆ ಗುಮಾನಿ. ಬಹಳಷ್ಟರಲ್ಲಿ ಒಂದು ಸಣ್ಣ ಚಿಪ್ಪಿನ ಬೆನ್ನಿಗೆ ಪೋರ್ಟ್ ಮಲ್ಟಿಪ್ಲೈಯರ್ ಕಟ್ಟಿರುತ್ತಾರೆ. ಅದರ ಹಿಂದಿನ ಒಂದು ಡಿಸ್ಕ್ ಮುನಿಸಿಕೊಂಡರೆ ಉಳಿದವೂ ಸಾಮೂಹಿಕ ರಜೆ ಹಾಕಬಹುದು.

ಎಂಟು ಡಿಸ್ಕ್ ಬೇಕೆನ್ನುವವರು ಸರ್ವರ್‌ನಿಂದ ಬಿಚ್ಚಿದ ಎಲ್‌ಎಸ್‌ಐ 9211-8ಐ ಹುಡುಕುತ್ತಾರೆ. ಗಟ್ಟಿ ಪಿಂಡ. ಎರಡು ಕನೆಕ್ಟರ್, ಒಂದೊಂದರಿಂದ ನಾಲ್ಕು ಕವಲಿನ ಕೇಬಲ್. ಆದರೆ ಸರ್ವರ್ ಫ್ಯಾನುಗಳ ಬಿರುಗಾಳಿಯಲ್ಲಿ ಬೆಳೆದ ಜೀವ. ಮನೆಯ ಕ್ಯಾಬಿನೆಟ್ಟಿನ ನಿಶ್ಶಬ್ದದಲ್ಲಿ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ತಾನಾಗಿ ಹಿಂದೆ ಬರುತ್ತದೆ. ಪಕ್ಕಕ್ಕೊಂದು ಪುಟ್ಟ ಫ್ಯಾನ್ ಬೇಕೇ ಬೇಕು. ನಕಲಿಗಳೂ ಓಡಾಡುತ್ತವೆ ಅನ್ನಿ.

ಈ ಎಲ್‌ಎಸ್‌ಐ ಕಾರ್ಡಿಗೆ ಹಾಕಬೇಕಾದದ್ದು ಐಟಿ ಮೋಡ್ ಫರ್ಮ್‌ವೇರ್. ಆಗ ಕಾರ್ಡ್ ಜಾಣತನವನ್ನೆಲ್ಲ ಬಿಟ್ಟು ಡಿಸ್ಕನ್ನು ಇದ್ದಂತೆ ಕಂಪ್ಯೂಟರಿಗೆ ಒಪ್ಪಿಸುತ್ತದೆ. ನನಗೆ ಬೇಕಾದದ್ದೂ ಇಂಥ ದಡ್ಡತನವೇ. ಹಲವು ಡಿಸ್ಕುಗಳನ್ನು ಒಂದಾಗಿ ಹೆಣೆಯುವ ರೈಡ್ (RAID) ಕೆಲಸವನ್ನು ತಾನೇ ನಡೆಸುವ ಜಾಣ ಕಾರ್ಡ್ ಡಿಸ್ಕುಗಳ ಮೇಲೆ ತನ್ನದೇ ಲಿಪಿಯಲ್ಲಿ ಲೆಕ್ಕ ಬರೆದಿಡುತ್ತದೆ. ಅದು ಸತ್ತರೆ ಡಿಸ್ಕುಗಳು ಗಟ್ಟಿಮುಟ್ಟಾಗಿದ್ದೂ ಬಾಯಿ ಬಿಡದೆ ಕೂರಬಹುದು, ಅದೇ ವಂಶದ ಇನ್ನೊಂದು ಕಾರ್ಡ್ ಸಿಗುವ ತನಕ. ಲಿನಕ್ಸ್‌ನ ಎಂಡಿ ಅಥವಾ ಝಡ್‌ಎಫ್‌ಎಸ್‌ಗೆ ಆ ಕೆಲಸ ವಹಿಸಿದರೆ ಡಿಸ್ಕುಗಳನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿಯೂ ಓದಿಕೊಳ್ಳಬಹುದು.

ಹೀಟ್‌ಸಿಂಕ್ ಅಂಟಿಸಿ ಚಿಪ್ಪಿನ ಹೆಸರು ಮುಚ್ಚಿದ್ದರೆ, ದುಡ್ಡು ಕೊಡುವ ಮೊದಲು ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಪಕ್ಕದ ಅಂಗಡಿಗೆ ಹೋಗಿ.