ಮನಿ ಬಾಗಿಲಿಂದ ಲೆಕ್ಕ ಹಾಕ್ರಿ

ವೈನಿ, ಈಗ ಮ್ಯಾಲೆ ಸಪ್ಪಳ ಮಾಡ್ಕೋತ ಹೋದದ್ದು ಬೆಂಗಳೂರಿನ ವಿಮಾನ ಅಲ್ರಿ. ವಾಯುಪಡೆಯ ಹಾಕ್ ಅದು, ಹೊಸ ಪೈಲಟ್‌ಗಳು ಅದ್ರಾಗ ಹಾರೋದು ಕಲೀತಾರ. ನಮ್ಮ ಕಮಠಾಣದ ಹುಡುಗರು ಆ ಸಪ್ಪಳ ಕೇಳ್ಕೋತನೇ ಬೆಳ್ದಾರ. ಮುಗಿಲಾಗ ಕಸರತ್ತು ತೋರಸೋ ಸೂರ್ಯಕಿರಣ ತಂಡದವರೂ ಬೀದರಿನಾಗೇ ಇರ್ತಾರ. ಆದ್ರ ನಮ್ಮ ನಿಮ್ಮಂಥವರು ಕೂಡೋ ವಿಮಾನ ಇಲ್ಲಿಂದ ಹಾರಿದ್ದು 2020ರ ಫೆಬ್ರವರಿದಾಗ. ಹೈದರಾಬಾದಿನ ಶಂಶಾಬಾದ್ ನಿಲ್ದಾಣದ ಕರಾರಿನಾಗ, 150 ಕಿಲೋಮೀಟರಿನೊಳಗ ಇನ್ನೊಂದು ನಿಲ್ದಾಣ ಬ್ಯಾಡ ಅಂತಿತ್ತು. ಬೀದರ್ ಆ ಗೆರಿಯೊಳಗ ಸಿಕ್ಕಿಬಿದ್ದು ವರ್ಷಾನುಗಟ್ಟಲೆ ಕಾಯ್ತು.

ಬೆಂಗಳೂರು ಎಷ್ಟು ದೂರ ಅಂತ ಕೇಳಿದ್ರಲ್ಲ? ರಸ್ತೆ ಹಿಡಿದ್ರ ಹತ್ತಿರ ಹತ್ತಿರ 700 ಕಿಲೋಮೀಟರ್. ಮುಗಿಲಾಗ 520ರ ಆಸುಪಾಸು, ಅಷ್ಟೇ. ಬೀದರ್, ಬೆಂಗಳೂರು ಎರಡೂ ಹೆಚ್ಚುಕಡಿಮಿ ಒಂದೇ ರೇಖಾಂಶದ ಮ್ಯಾಲ ಅದಾವ. ವಿಮಾನ ಸೀದಾ ದಕ್ಷಿಣಕ್ಕ ಮುಖ ಮಾಡಿದ್ರ ಆಯ್ತು, ಒಂದು ತಾಸು ಚಿಲ್ಲರೆದಾಗ ಇಳಸ್ತದ. 2017ರಾಗ ಬೀದರ್-ಕಲಬುರಗಿ ಹಳಿ ಪೂರ್ತಿ ಆದ್ಮ್ಯಾಲ ರೈಲಿನ ಹಾದಿ ಸಸಾರ ಆಯ್ತು ಖರೆ, ಆದ್ರೂ ಒಂದು ರಾತ್ರಿ ಹೋಗೇ ಹೋಗ್ತದ.

ದೂರದ ಮಾತು ಬಂತಂದ್ರ, ನಿಮ್ಮ ತಂಗಿ ಮಗ ಇರೋ ಕ್ಯಾಲಿಫೋರ್ನಿಯಾ ನೋಡ್ರಿ. 2021ರ ಜನವರಿದಾಗ ಏರ್ ಇಂಡಿಯಾದ ಹೆಣ್ಣುಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳೀಲಾರದಂಗ ವಿಮಾನ ತಂದ್ರು. ಉತ್ತರ ಧ್ರುವದ ಮ್ಯಾಲಿಂದ! ಸುಮಾರು 14,000 ಕಿಲೋಮೀಟರ್, 17 ತಾಸು. ಗ್ವಾಡಿ ಮ್ಯಾಲಿನ ನಕಾಶಿ ನೋಡಿದ್ರ ಇದೆಂಥ ಸುತ್ತು ಅನಸ್ತದ. ಸಾಲಿಯಾಗಿನ ಗೋಳದ ಮ್ಯಾಲ ಎರಡೂ ಊರಿಗೆ ದಾರ ಬಿಗಿದು ನೋಡ್ರಿ, ಅದು ತಾನಾಗೇ ಮ್ಯಾಲಕ್ಕ ಸರೀತದ. ಅದೇ ಹತ್ತಿರದ ಹಾದಿ. ನಿಮ್ಮ ತಂಗಿ ಮಗ ಬೆಂಗಳೂರಿನಿಂದ ಮಧ್ಯಾಹ್ನ ಹೊಂಟು ಎಲ್ಲೂ ಇಳೀಲಾರದಂಗ ಹಾರಿದ್ರ ಅದೇ ತಾರೀಖಿನ ಸಂಜಿಗೆ ಅಲ್ಲಿ ಇಳೀತಾನ. ಅಲ್ಲಿ ಗಡಿಯಾರ ನಮ್ಮಕಿಂತ ಹನ್ನೆರಡೂವರೆ-ಹದಿಮೂರೂವರೆ ತಾಸು ಹಿಂದ ಅದ ನೋಡ್ರಿ.

ಆದ್ರ ನಮ್ಮ ಬೀದರ್-ಬೆಂಗಳೂರು ವಿಮಾನಕ್ಕ ಮೊಬೈಲಿನಾಗ ತೋರಸೋ ತಾಸು ಮುಗಿಲಿನದ್ದು ಮಾತ್ರ. ಇಲ್ಲಿಂದ ಬೀದರಿಗೆ ಹೋಗಬೇಕು, ತಪಾಸಣಿಗೆ ಮುಂಚೆ ಮುಟ್ಟಬೇಕು, ದೇವನಹಳ್ಳಿ ನಿಲ್ದಾಣದಾಗ ಇಳಿದ್ಮ್ಯಾಲ ಬೆಂಗಳೂರಿನ ಊರೊಳಗ ಹೋಗಬೇಕು. ಎಲ್ಲಾ ಕೂಡಿ ಐದು ತಾಸು ಹಿಡೀರಿ. ಅಷ್ಟಾದ್ರೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ದವಾಖಾನಿಗೆ ಹೋಗೋ ರೋಗಿಗೆ, ನೌಕರಿ ಸಂದರ್ಶನಕ್ಕ ಹೊಂಟ ಔರಾದಿನ ಹುಡುಗಿಗೆ ಅದು ದೊಡ್ಡ ಉಪಕಾರ ಅಂತೀನಿ ನಾನು.

ಹಾರಿದ್ರ ಮಾತ್ರ! ಈ ವಿಮಾನ 2023ರ ಕಡೀಗೆ ನಿಂತದ್ದು 2025ರ ಏಪ್ರಿಲ್ ತನಕ ಹಾರ್ಲೇ ಇಲ್ಲ. ಆವಾಗ ನಮ್ಮವರಿಗೆ ಮತ್ತ ಶಂಶಾಬಾದೇ ಗತಿ, ಮೂರು ತಾಸು ರಸ್ತೆ. ರಾಜಧಾನಿ ಒಂದು ತಾಸಿನ ದೂರ ಅಂತ ಬರೆಯೋ ಸರ್ಕಾರ, ಆ ವಿಮಾನ ಬಿಡಲಾರದೆ ದಿನಾ ಹಾರೋಹಂಗ ನೋಡ್ಕೋಬೇಕು. ಬೀದರ್, ಭಾಲ್ಕಿ, ಔರಾದ್ ಮಂದಿ ಒಟ್ಟಾಗಿ ಇದನ್ನ ಕೇಳಬೇಕು ವೈನಿ, ನೀವೂ ಗ್ರಾಮಸಭೆಯಾಗ ಎದ್ದು ಕೇಳ್ರಿ.